ತುಕ್ಕು ಹಿಡಿಯದ ರಾಡು

"ಈ ಕೈಲೇ ಸಾವಿರ ಎಕರೆ ಜೋಳ ಕೊಯ್ದೇನಿ, ನನ್ನ ಕುಡಗೋಲು ಒಮ್ಮೆನೂ ಮುರದಿಲ್ಲ. ನಾ ಹೇಳಿದ್ರಾಗ ಅರ್ಧ ಸುಳ್ಳು ಐತಿ, ಬಿಡು! ಮುರಿದ ತೊಡಿಗೆ ಅದಽ ಉಕ್ಕು ಹಾಕ್ಲಿ, ಇಲ್ಲಾಂದ್ರ ಆಪರೇಶನ್ನಽ ಬ್ಯಾಡ," ಎಂದು ಶಿಗ್ಗಾಂವದ ದವಾಖಾನೆಯ ಮಂಚದ ಮೇಲೆ ಫಕ್ಕೀರವ್ವ ಮುಖ ತಿರುಗಿಸಿದಳು. ಡಾಕ್ಟರು ತೋರಿಸಲು ಕೊಟ್ಟಿದ್ದ ಟೈಟಾನಿಯಂ ರಾಡನ್ನು ಮೆಕ್ಯಾನಿಕಲ್ ಡಿಪ್ಲೊಮಾ ಓದುವ ಮೊಮ್ಮಗಳು ಅಂಕಿತಾ ಅವಳ ಅಂಗೈಯಲ್ಲಿಟ್ಟಳು.

"ಇಷ್ಟು ಹಗೂರ? ನನ್ನ ಮೂಗುತಿನಽ ಇದಕ್ಕಿಂತ ಭಾರ ಐತಿ!" ಮುದುಕಿ ನಕ್ಕಳು.

"ಆಯಿ, ಕುಡಗೋಲಿನ ಉಕ್ಕು ಹರಿತ ಹಿಡಿತೈತಿ ಖರೆ, ಆದ್ರ ಮೈಯಾಗ ಇಟ್ರ ತುಕ್ಕು ತಿಂತೈತಿ. ಇದು ಹೆಚ್ಚುಕಮ್ಮಿ ಅರ್ಧ ತೂಕ, ತುಕ್ಕು ಹಿಡಿಯಂಗಿಲ್ಲ. ಅಜ್ಜನ ತೊಡಿಗೆ ಹಾಕಿದ್ದೂ ಇಂಥಾದ್ದಽ."

ಫಕ್ಕೀರವ್ವನ ನಗೆ ನಿಂತಿತು. ಹೋದ ವರ್ಷ ಗಂಡ ಉಳವಪ್ಪನನ್ನು ದುಂಡಸಿಯ ಹೊಲದಲ್ಲಿ ಹೂತಾಗ ಆ ರಾಡೂ ಅವನೊಂದಿಗೇ ಮಣ್ಣು ಸೇರಿತ್ತು. ಅವನ ಪಕ್ಕದ ಜಾಗವನ್ನು ಅವಳಿಗೆಂದೇ ಬಿಟ್ಟಿದ್ದರು.

"ಮಣ್ಣಾಗ?"

"ಮಣ್ಣಾಗೂ ಹಂಗಽ ಇರತೈತಿ. ಎಲುಬು ಕರಗಿದ್ರೂ ಅದು ನೂರಾರು ವರ್ಷ ಉಳಿತೈತಿ."

ಮುದುಕಿ ರಾಡನ್ನು ಎದೆಗವಚಿಕೊಂಡಳು.

"ಡಾಕ್ಟರನ್ನ ಕರಿ. ಆಪರೇಶನ್ ಮಾಡ್ಸ್ಕೋತೇನಿ. ಇದನ್ನಽ ಹಾಕ್ಲಿ."

"ಈಗಷ್ಟ ಬ್ಯಾಡ ಅಂದಿ. ಯಾಕ ಆಯಿ, ಮನಸ್ಸು ತಿರುಗ್ತು?"

"ಭಾಳ ಕಲ್ತಾಕಿ ನೀನು. ನೀನಽ ಹೇಳು ನೋಡೂಣು."