ಅಜ್ಜಿ ಹೂಡಿದ ನೇಗಿಲು

ಹೊಸದಾಗಿ ಉತ್ತ ಮಣ್ಣಿನ ವಾಸನೆ ಬಂದರೆ ಈಗಲೂ ಗೋವಿನಕೋವಿ ಹತ್ತಿರದ ನಮ್ಮ ತಾಂಡಾದ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಲಂಬಾಣಿ ಹಿರಿಯರು ಎತ್ತಿನ ಬೆನ್ನಿಗೆ ಉಪ್ಪು ಹೇರಿ ಊರೂರು ತಿರುಗಿದವರು. ಲಾರಿ ಬಂದ ಮೇಲೆ ಕಾಡಿನ ಸೌದೆ ಹೇರಿದರು. ಆ ವರ್ಷ ಕಾಡಿಗೂ ಬೇಲಿ ಬಿತ್ತು. ನಮಗೆ ಸಿಕ್ಕ ಬೀಳು ನೆಲವನ್ನು ಉಳಲು ಅಜ್ಜ ಒಪ್ಪಲಿಲ್ಲ. “ನಾವು ನಡೆಯೋ ಮಂದಿ” ಎಂದು ಗುಡಿಸಲಲ್ಲಿ ಮಲಗಿಬಿಟ್ಟ.

ಅಜ್ಜಿ ಪಕ್ಕದ ಹೊಲದ ಗೌಡರ ಹತ್ತಿರ ನೇಗಿಲು ಕೇಳಿದಳು.

“ಹೆಂಗಸ್ರು ನೇಗ್ಲು ಮುಟ್ಟಬಾರ್ದವ್ವ” ಎಂದರು ಗೌಡರು.

“ಮೊಮ್ಮಕ್ಳಿಗೆ ಹಸಿವು ಐತ್ರಿ ಗೌಡ್ರೆ. ಹೆಂಗೆ ಹಿಡಿಯೋದು, ಅಷ್ಟು ತೋರ್ಸಿರಿ.”

ಕನ್ನಡಿ ಹೊಲಿದ ಲಂಗವನ್ನು ಎತ್ತಿ ಕಟ್ಟಿ, ಕೊಂಬಿನ ಬಳೆಗಳನ್ನು ತೋಳಿಗೆ ಸರಿಸಿ ಅವಳು ಗೌಡರು ಕೊನೆಗೆ ಕೊಟ್ಟ ನೇಗಿಲು ಒತ್ತಿದಳು. ಹೇರು ಹೊತ್ತು ದಾರಿ ನಡೆಯುವುದಷ್ಟೇ ಗೊತ್ತಿದ್ದ ನಮ್ಮ ಜೋಡಿ ಎತ್ತುಗಳು ನೆಟ್ಟಗೆ ನಡೆದವು. ಬದು ಬಂದರೂ ನಿಲ್ಲದೆ, ಅಜ್ಜಿಯನ್ನೂ ಎಳೆದುಕೊಂಡು ನ್ಯಾಮತಿ ದಾರಿಗೇ ಇಳಿದವು. ನಾನು ಬಿದ್ದು ಬಿದ್ದು ನಕ್ಕೆ.

ಅಜ್ಜಿ ನಗಲಿಲ್ಲ. ಮುಂದೆ ಹೋಗಿ ಮುದಿ ಎತ್ತಿನ ಕೊರಳು ತಬ್ಬಿ, ನಮ್ಮ ಲಂಬಾಣಿ ಮಾತಿನಲ್ಲಿ ಮೆಲ್ಲಗೆ ಹೇಳಿದಳು: “ದಾರಿ ಇಲ್ಲಿಗೆ ಮುಗೀತಪ್ಪ. ಹಿಂದಕ್ಕೆ ತಿರುಗೋದು ಕಲಿ. ನಾನೂ ಕಲೀತೀನಿ.”

ಎತ್ತು ದಾರಿಯ ಕಡೆಗೇ ಮುಖ ಮಾಡಿತ್ತು. ಅಷ್ಟರಲ್ಲಿ ಅಜ್ಜ ಗುಡಿಸಲಿನಿಂದ ಎದ್ದು ಬಂದ. ಯಾರ ಮುಖವನ್ನೂ ನೋಡದೆ ಹಗ್ಗ ಹಿಡಿದು, ಎತ್ತುಗಳನ್ನು ಹೊಲದ ಕಡೆಗೆ ತಿರುಗಿಸಿದ.