ಜೋಡಿಯಾಗಿ ಬಂದವರು

ವಾಯುಪಡೆಯ ಜೀಪು ಗೇಟಿನ ಮುಂದೆ ನಿಂತಾಗ ನಿವೃತ್ತ ವಿಂಗ್ ಕಮಾಂಡರ್ ದಾಸವಾಳಕ್ಕೆ ನೀರು ಹಾಕುತ್ತಿದ್ದರು. ಜೀಪಿನಿಂದ ಇಳಿದವರು ಅವರ ಪೈಲಟ್ ಮಗನ ಮೇಲಧಿಕಾರಿ ಮತ್ತು ಆತನ ಹೆಂಡತಿ. ಇಬ್ಬರನ್ನೂ ಒಟ್ಟಿಗೆ ಕಂಡದ್ದೇ ಅವರು ನೀರು ಹಾಕುವುದನ್ನು ಬಿಟ್ಟು ಗೇಟಿಗೆ ಧಾವಿಸಿದರು. ಪೈಲಟ್ ಸತ್ತ ಸುದ್ದಿಯನ್ನು ಮನೆಗೆ ಮುಟ್ಟಿಸುವಾಗ ಮೇಲಧಿಕಾರಿ ತನ್ನ ಹೆಂಡತಿಯನ್ನೂ ಕರೆದುಕೊಂಡು ಹೋಗುವುದು ವಾಯುಪಡೆಯ ಪದ್ಧತಿ. ಸೇವೆಯಲ್ಲಿದ್ದಾಗ ಅವರೂ ಹಾಗೆ ಎಷ್ಟೋ ಬಾಗಿಲು ತಟ್ಟಿದ್ದರು.

ಒಳಗೆ ಅವರ ಹೆಂಡತಿ ಅವರೆಕಾಯಿ ಸುಲಿಯುತ್ತ, ಮಹಡಿಯ ಮೇಲೆ ಬಾಡಿಗೆಗಿದ್ದ ಹುಡುಗಿಯ ಜೊತೆ ಹರಟುತ್ತಿದ್ದಳು. ಆ ಹುಡುಗಿಯ ಗಂಡನೂ ಮಗನ ಜೊತೆಗೇ ವಿಮಾನ ಹಾರಿಸುವವನು.

"ಯಾರ್ರೀ ಅದು?" ಹೆಂಡತಿ ಒಳಗಿನಿಂದಲೇ ಕೇಳಿದಳು.

"ಯಾರೂ ಇಲ್ಲ, ನೀನು ಬರಬೇಡ!" ಅವರು ಗೇಟನ್ನು ಎರಡೂ ಕೈಯಲ್ಲಿ ಹಿಡಿದು ದಾರಿ ಕಟ್ಟಿದರು. "ಇಲ್ಲೇ ಹೇಳಿಬಿಡಿ. ಅವಳಿಗೆ ಎದೆನೋವಿದೆ, ತಡ್ಕೊಳ್ಳಲ್ಲ. ನನ್ನ ಮಗನಾ?"

"ಅಯ್ಯೋ, ಅಲ್ಲ ಸರ್. ಅವನು ಚೆನ್ನಾಗಿದ್ದಾನೆ. ಈಗ ತಾನೇ ಮಾತಾಡಿಸಿ ಬಂದೆ."

"ನಿಜ ಹೇಳ್ತಿದ್ದೀರಾ?"

"ನಿಜ ಸರ್. ಆದರೆ..."

ಮುಂದಿನದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕಣ್ಣೊರೆಸಿಕೊಂಡು, ನಗುತ್ತ ಗೇಟು ತೆರೆದು, ಮನೆಯೆಲ್ಲ ಕೇಳುವಂತೆ ಕೂಗಿದರು: "ಲೇ, ಮಗನ ಸಾಹೇಬರು ಬಂದಿದ್ದಾರೆ ಕಣೇ! ಕಾಫಿ ಮಾಡು!"

"ಆಂಟಿ ಹಾಲಿಟ್ಟಿದ್ದಾರೆ, ಮೊದಲು ನೀರು ಕೊಡು ಅಂದ್ರು. ಏನಂಕಲ್, ಇಷ್ಟೊಂದು ಖುಷಿ? ನಿಮಗೇ ಪ್ರಮೋಷನ್ ಬಂದ ಹಾಗಿದೆ!" ಎನ್ನುತ್ತ ಮಹಡಿಯ ಹುಡುಗಿ ಲೋಟಗಳ ತಟ್ಟೆ ಹಿಡಿದು ಹೊರಗೆ ಬಂದಳು.

ಅಧಿಕಾರಿ ಟೋಪಿ ತೆಗೆದರು. ಅವರ ಹೆಂಡತಿ ಹುಡುಗಿಯ ಕೈಯಿಂದ ತಟ್ಟೆಯನ್ನು ಇಳಿಸಿಟ್ಟು, "ಬಾಮ್ಮ, ಸ್ವಲ್ಪ ಕೂತ್ಕೋ" ಎಂದರು.