ಕಂಬದ ಮೇಲೆ ಉಳಿದವನು

ಆ ವರ್ಷದ ಏಳನೆಯ ಬಿರುಗಾಳಿ ಹನ್ನೊಂದು ಕಂಬಗಳನ್ನೂ ಒಂದು ಟ್ರಾನ್ಸ್‌ಫಾರ್ಮರನ್ನೂ ಲೈನ್‌ಮನ್ ಈರಭದ್ರನನ್ನೂ ತಿಂದುಹೋಯಿತು. ಮೂರನೆಯ ದಿನ ಅವನ ಹೆಂಡತಿ, ತಾನೂ ಲೈನಿನ ಕೆಲಸದವಳಾದ ಪಾರವ್ವನೇ ಕೊನೆಯ ತಂತಿ ಬಿಗಿದು ಇಳಿದಳು. ಇಳಿದವಳು ರೂಢಿಯಂತೆ, ಅವನು ಸತ್ತ ಆ ಕಂಬಕ್ಕೆ ಕಿವಿ ಹಚ್ಚಿದಳು. ಕಂಬದ ಮೇಲೆ ಸತ್ತವರು ಕರೆಂಟು ಬರುವತನಕ ಮಾತಾಡುವುದು ಈಗ ಯಾರಿಗೂ ಹೊಸದಲ್ಲ. ಅವರು "ಇಳಿದೆ" ಅನ್ನುವ ಮೊದಲೇ ಯಾರಾದರೂ ಸ್ವಿಚ್ ಹಾಕಿದರೆ ಫ್ಯೂಸ್ ಹಾರುತ್ತಿತ್ತು. ಹಾಗೆ ಅಂದ ಸತ್ತವರು ಮತ್ತೆ ಮಾತಾಡುತ್ತಿರಲಿಲ್ಲ.

"ಪಾರೀ, ಚಾ ಕುಡದ್ಯಾ?" ಕಂಬದೊಳಗಿಂದ ಈರಭದ್ರ ಕೇಳಿದ.

"ಚಾ ಇರ್ಲಿ, ಇಳೀರಿ. ದವಾಖಾನ್ಯಾಗ ಎರಡು ಹಸಗೂಸು ಗಾಜಿನ ಪೆಟ್ಟಿಗ್ಯಾಗ ಅದಾವ. ಬ್ಯಾಟರಿ ಮುಗ್ಯಾಕ ಬಂದೈತಿ."

"ಎರಡು ದಿನದ ಕೆಲಸ ಮೂರು ದಿನ ಎಳದಾಕಿ ನೀನು. ನನಗ ತಿಳೀಲಿಲ್ಲಂತ ಮಾಡೀಯೇನು?"

ಪಾರವ್ವ ಕಂಬವನ್ನು ತಬ್ಬಿಕೊಂಡಳು. ಆಮೇಲೆ ಕೆಲಸದ ದನಿಯಲ್ಲಿ ಕೂಗಿದಳು: "ಕಂಬದ ಮ್ಯಾಲೆ ಯಾರರ ಅದೀರೇನು?"

"ಇಲ್ಲಬೇ, ಇಳಿದೆ," ಅಂದ ಈರಭದ್ರ.

ಅವಳು ಸ್ವಿಚ್ ಹಾಕಿದಳು. ದವಾಖಾನೆಯ ಕಿಟಕಿಗಳು ಬೆಳಗಿದವು. ಮತ್ತೆ ಕಿವಿ ಹಚ್ಚಿದಾಗ ಕಂಬ ಬರೀ ಗುಂಯ್‌ಗುಡುತ್ತಿತ್ತು.

ಎರಡೂ ಕೂಸುಗಳು ಉಳಿದವು. ಪಾರವ್ವನಿಗೆ ಗಂಡನ ದನಿ ಹೋಯಿತು.